ಐವತ್ತು ದಾಟಿದ ಸಿಸ್ಟರ್ ಸೊಂಟ, ಆಯಮ್ಮನ ಮೊಣಕಾಲು

(ದಾದಿಯರ ದಿನದ ಕಾರ್ಯಕ್ರಮದಲ್ಲಿ ಆಡಿದ ಮಾತುಗಳಿವು. ನೈಟ್ ಡ್ಯೂಟಿ ಇದ್ದುದರಿಂದ ಬರಲಾಗದವರು ಬರೆದು ಕೊಡಿ ಅಂತ ಕೇಳಿದರು. ಅವತ್ತು ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಸಣ್ಣ ಕೆಲಸ ಮಾಡೋಣ. ಸೊಂಟ ನೋವು, ಮೊಣಕಾಲು ನೋವು, ಭುಜದ ನೋವು, ಇವುಗಳಲ್ಲಿ ಒಂದನ್ನಾದರೂ ಇಟ್ಟುಕೊಂಡು ಇವತ್ತು ಡ್ಯೂಟಿಗೆ ಬಂದವರು ಕೈ ಎತ್ತಿ. ಭುಜ ನೋವಿನವರು ಪೂರ್ತಿ ಎತ್ತಬೇಡಿ, ಅರ್ಧ ಎತ್ತಿದರೆ ಸಾಕು. ನೋಡಿ, ಹಿಂದಿನ ಸಾಲಿನಲ್ಲಿ ಕೂತಿರುವ ಆಯಮ್ಮಂದಿರು ಎಲ್ಲರೂ ಎತ್ತಿದ್ದಾರೆ. ಈಗ ಕೆಳಗಿಳಿಸಿ. ಈ ನೋವನ್ನು ಇನ್‌ಚಾರ್ಜ್ ಸಿಸ್ಟರ್‌ಗೆ ಹೇಳಿ, ಇದು ಡ್ಯೂಟಿಯಲ್ಲಿ ಆದದ್ದು ಅಂತ ಎಲ್ಲಾದರೂ ಬರೆಸಿದವರು ಎಷ್ಟು ಜನ? ಇಬ್ಬರು. ಇಷ್ಟು ದೊಡ್ಡ ಹಾಲ್‌ನಲ್ಲಿ ಇಬ್ಬರು.

ನಾನೂ ಬರೆಸಲಿಲ್ಲ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ನಾನು 1986ರಲ್ಲಿ ಕೆಲಸಕ್ಕೆ ಸೇರಿದೆ, 2022ರಲ್ಲಿ ನಿವೃತ್ತಿ ಆಯಿತು. 2011ರಲ್ಲಿ ನನಗೆ 49 ವರ್ಷ. ಗಂಡಸರ ಮೆಡಿಕಲ್ ವಾರ್ಡ್, ನೈಟ್ ಡ್ಯೂಟಿ, ರಾತ್ರಿ ಎರಡೂವರೆ ಇರಬಹುದು. ಸ್ಟ್ರೋಕ್ ಆಗಿ ಬಲಭಾಗ ಬಿದ್ದಿದ್ದ ಒಬ್ಬ ರೋಗಿ, ಒಳ್ಳೆ ಆಳು, 75 ಕೆಜಿಗೆ ಕಮ್ಮಿ ಇರಲಿಲ್ಲ, ಮಂಚದ ಕಾಲುಕಡೆಗೆ ಜಾರಿ ಕುತ್ತಿಗೆ ಮುದುರಿಕೊಂಡು ಮಲಗಿದ್ದ. ಉಸಿರಾಟ ಗೊರಗೊರ ಅನ್ನುತ್ತಿತ್ತು. ಜೊತೆಗಿದ್ದ ಮಗ ಟೀ ಕುಡಿಯಲು ಹೋಗಿದ್ದ. ಆಯಮ್ಮ ಬ್ಲಡ್ ಸ್ಯಾಂಪಲ್ ಕೊಡಲು ಲ್ಯಾಬ್‌ಗೆ ಹೋಗಿದ್ದಳು. ಕಾಯುವಷ್ಟು ಹೊತ್ತು ಇಲ್ಲ ಅನ್ನಿಸಿತು. ತಲೆಕಡೆ ನಿಂತು ಅವನ ಎರಡೂ ಕಂಕುಳಿಗೆ ಕೈ ಹಾಕಿ ಎಳೆದೆ. ಬಂದ. ದಿಂಬು ಸರಿ ಮಾಡಿದೆ, ಉಸಿರಾಟ ಸರಿಹೋಯಿತು. ನನಗೆ ಆಗ ಏನೂ ಆಗಲಿಲ್ಲ. ಬೆಳಗ್ಗೆ ಎಂಟಕ್ಕೆ ಹ್ಯಾಂಡೋವರ್ ಕೊಟ್ಟು ಬಸ್ ಹತ್ತಲು ಹೋದರೆ ಎಡಗಾಲು ಮೆಟ್ಟಿಲಿಗೆ ಏಳಲೇ ಇಲ್ಲ. ಎಂಆರ್‌ಐ ಮಾಡಿಸಿದರು, ಸೊಂಟದ ನಾಲ್ಕು ಐದನೇ ಮೂಳೆ ಮಧ್ಯದ ಡಿಸ್ಕ್ ಸರಿದಿತ್ತು. ಆರು ವಾರ ಹಾಸಿಗೆ. ಎಡಗಾಲಿನ ಹೆಬ್ಬೆರಳು ಇವತ್ತಿಗೂ ಮರಗಟ್ಟಿದಂತೆಯೇ ಇದೆ.

ಆಸ್ಪತ್ರೆಯಲ್ಲಿ ಕೇಳಿದಾಗ ನಾನು ಏನು ಹೇಳಿದೆ ಗೊತ್ತಾ? ಮನೆಯಲ್ಲಿ ನೀರಿನ ಬಿಂದಿಗೆ ಎತ್ತುವಾಗ ಆಯಿತು ಅಂತ. ಯಾರೂ ನನ್ನನ್ನು ಹೆದರಿಸಿರಲಿಲ್ಲ. ಆದರೂ ಹಾಗೆ ಹೇಳಿದೆ. ಇಪ್ಪತ್ತೈದು ವರ್ಷ ಸರ್ವಿಸ್ ಆದ ಸಿಸ್ಟರ್‌ಗೆ ಒಬ್ಬ ಪೇಷಂಟ್‌ನ ಮೇಲೆ ಎಳೆಯಲು ಬರಲ್ವಾ ಅಂತ ಯಾರಾದರೂ ಅಂದುಕೊಂಡಾರು ಅನ್ನುವ ನಾಚಿಕೆ. ವಯಸ್ಸಾಯಿತು ಅಂತ ಬೇರೆ ಕಡೆ ಹಾಕಿಬಿಟ್ಟಾರು ಅನ್ನುವ ಭಯ. ನನ್ನ ಗಳಿಕೆ ರಜೆ ಹಾಕಿಕೊಂಡು ಮಲಗಿದೆ.

ತುಂಬಾ ದಿನ ಆದಮೇಲೆ ಆ ರಾತ್ರಿಯನ್ನು ಮತ್ತೆ ಯೋಚಿಸಿದೆ. ಆ ಮನುಷ್ಯ ಜಾರಿದ್ದು ಯಾಕೆ? ಉಸಿರಾಟಕ್ಕೆ ಅನುಕೂಲ ಆಗಲಿ ಅಂತ ತಲೆಭಾಗ ಎತ್ತಿದ್ದೆವು. ಬರೀ ತಲೆ ಎತ್ತಿದರೆ ರೋಗಿ ಕೆಳಕ್ಕೆ ಜಾರುವುದು ಸಹಜ, ಅದಕ್ಕೇ ಫೌಲರ್ ಮಂಚದಲ್ಲಿ ಎರಡು ಹಿಡಿಕೆ ಇರುತ್ತವೆ, ಒಂದು ತಲೆಭಾಗಕ್ಕೆ, ಇನ್ನೊಂದು ಮೊಣಕಾಲ ಭಾಗಕ್ಕೆ. ಮೊಣಕಾಲ ಭಾಗ ಮೊದಲು ಸ್ವಲ್ಪ ಎತ್ತಿ, ಆಮೇಲೆ ತಲೆ ಎತ್ತಿದರೆ ತೊಡೆ ತಡೆಯುತ್ತದೆ, ರೋಗಿ ಅಲ್ಲೇ ನಿಲ್ಲುತ್ತಾನೆ. ನಮ್ಮ ಆ ಮಂಚದ ಮೊಣಕಾಲಿನ ಹಿಡಿಕೆ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಎಷ್ಟು ದಿನದಿಂದ ಅಂತ ಯಾರಿಗೂ ನೆನಪಿರಲಿಲ್ಲ. ನಾವೆಲ್ಲ ಅದು ಹಾಗೇ ಅಂತ ಒಪ್ಪಿಕೊಂಡುಬಿಟ್ಟಿದ್ದೆವು. ಅಂದರೆ ನನ್ನ ಸೊಂಟ ಹೋದದ್ದು 49 ವರ್ಷ ಆಗಿತ್ತು ಅಂತ ಅಲ್ಲ. ಒಂದು ಹಿಡಿಕೆಗೆ ಯಾರೂ ಎಣ್ಣೆ ಬಿಡಲಿಲ್ಲ ಅಂತ.

ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದೇ. ವಯಸ್ಸಾದ ಸಿಬ್ಬಂದಿಗೆ ಏಟಾದರೆ ಎಲ್ಲರೂ ವಯಸ್ಸಿನ ಕಡೆ ಬೆರಳು ತೋರಿಸುತ್ತಾರೆ, ನಾವೂ ತೋರಿಸಿಕೊಳ್ಳುತ್ತೇವೆ. ಆದರೆ ಕೆಲಸದ ಜಾಗವನ್ನು ಇಪ್ಪತ್ತೈದರ ಹುಡುಗಿಯ ಮೈಗೆ ಅಳತೆ ಮಾಡಿ ಇಟ್ಟಿದ್ದೇವೆ. ಅವಳೂ ಅದರಲ್ಲಿ ಸವೆಯುತ್ತಾಳೆ, ಐವತ್ತಕ್ಕೆ ಅದು ಹೊರಗೆ ಕಾಣುತ್ತದೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ವಿಷಯ ನಿಮಗೆ ಗೊತ್ತಿರಲಿ. ವಯಸ್ಸಾದವರಿಗೆ ಕೆಲಸದಲ್ಲಿ ಅಪಘಾತ ಜಾಸ್ತಿ ಆಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗೇನಿಲ್ಲ. ಹಲವು ದೇಶಗಳಲ್ಲಿ ನೋಡಿದಾಗ ಹಿರಿಯ ಕೆಲಸಗಾರರಿಗೆ ಏಟಾಗುವುದು ಕಿರಿಯರಿಗಿಂತ ಜಾಸ್ತಿ ಇಲ್ಲ, ಎಷ್ಟೋ ಕಡೆ ಕಮ್ಮಿಯೇ. ಅನುಭವ ಇರುತ್ತದೆ, ಎಲ್ಲಿ ಕಾಲಿಡಬಾರದು ಅಂತ ಗೊತ್ತಿರುತ್ತದೆ. ಆದರೆ ಏಟಾದಾಗ ದೊಡ್ಡದಾಗಿ ಆಗುತ್ತದೆ, ವಾಸಿ ಆಗಲು ಜಾಸ್ತಿ ದಿನ ಹಿಡಿಯುತ್ತದೆ. ಇಪ್ಪತ್ತೈದರ ಹುಡುಗಿ ಒದ್ದೆ ನೆಲದಲ್ಲಿ ಜಾರಿ ಬಿದ್ದರೆ ಸೀರೆ ಕೊಡವಿಕೊಂಡು ಎದ್ದು ಹೋಗುತ್ತಾಳೆ. ಮುಟ್ಟು ನಿಂತು ಐದಾರು ವರ್ಷ ಆದ ಸಿಸ್ಟರ್ ಅದೇ ಜಾಗದಲ್ಲಿ ಬಿದ್ದು ಕೈ ಊರಿದರೆ ಮಣಿಕಟ್ಟು ಮುರಿಯುತ್ತದೆ. ಮುಟ್ಟು ನಿಂತ ಮೊದಲ ಕೆಲವು ವರ್ಷಗಳಲ್ಲೇ ಮೂಳೆ ಬೇಗ ಬೇಗ ಸವೆಯುವುದು. ಅದಕ್ಕೇ ಹಿರಿಯರಿರುವ ವಾರ್ಡ್‌ನಲ್ಲಿ ಬೀಳದ ಹಾಗೆ ನೋಡಿಕೊಳ್ಳುವುದು ಬಿದ್ದಮೇಲೆ ಎತ್ತುವುದಕ್ಕಿಂತ ಮುಖ್ಯ.

ಈಗ ಎತ್ತುವ ವಿಷಯಕ್ಕೆ ಬರೋಣ, ನಮ್ಮ ಸೊಂಟ ಹೋಗುವುದು ಇಲ್ಲೇ ಅಲ್ವಾ.

ನಮಗೆಲ್ಲ ಟ್ರೈನಿಂಗ್‌ನಲ್ಲಿ ಕಲಿಸಿದ್ದು ಒಂದೇ. ಬೆನ್ನು ನೆಟ್ಟಗಿಡಿ, ಮೊಣಕಾಲು ಬಗ್ಗಿಸಿ, ಭಾರವನ್ನು ಮೈಗೆ ಹತ್ತಿರ ಹಿಡಿಯಿರಿ. ಪೆಟ್ಟಿಗೆ ಎತ್ತಲು ಅದು ಸರಿ. ಮನುಷ್ಯ ಪೆಟ್ಟಿಗೆ ಅಲ್ಲ. ಅವನಿಗೆ ಹಿಡಿಕೆ ಇಲ್ಲ, ಭಾರ ಒಂದು ಕಡೆ ಇರುವುದಿಲ್ಲ, ಅರ್ಧ ದಾರಿಯಲ್ಲಿ ಹೆದರಿ ನಿಮ್ಮ ಕುತ್ತಿಗೆ ಹಿಡಿದುಕೊಳ್ಳುತ್ತಾನೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಯೋಶ್‌ನ ತಜ್ಞರು 2007ರಲ್ಲಿ ಲೆಕ್ಕ ಹಾಕಿ ಹೇಳಿದ್ದು, ರೋಗಿಯನ್ನು ಕೈಯಿಂದ ಎತ್ತುವಾಗ ಒಬ್ಬರ ಮೇಲೆ ಬೀಳುವ ಭಾರ 35 ಪೌಂಡ್ ದಾಟಬಾರದು ಅಂತ. ಅಂದರೆ ಸುಮಾರು 16 ಕೆಜಿ. ಅದೂ ಎಲ್ಲ ಅನುಕೂಲ ಇದ್ದಾಗ. ಇಬ್ಬರು ಸೇರಿ 60 ಕೆಜಿ ರೋಗಿಯನ್ನು ಎತ್ತಿದರೆ ಒಬ್ಬೊಬ್ಬರ ಪಾಲಿಗೆ 30 ಕೆಜಿ. ನೀವು ಎಷ್ಟೇ ಸರಿಯಾಗಿ ಮೊಣಕಾಲು ಬಗ್ಗಿಸಿದರೂ ಈ ಲೆಕ್ಕ ಬದಲಾಗುವುದಿಲ್ಲ. ಬರೀ ಎತ್ತುವ ಕ್ರಮ ಕಲಿಸಿದರೆ ಸೊಂಟ ನೋವು ಕಮ್ಮಿ ಆಗುವುದಿಲ್ಲ ಅಂತ ಎಷ್ಟೋ ಸಲ ನೋಡಿಯಾಗಿದೆ. ಸೊಂಟಕ್ಕೆ ಕಟ್ಟುವ ಬೆಲ್ಟ್ ಕೂಡ ಅಷ್ಟೇ. ನೋವಿದ್ದಾಗ ಡಾಕ್ಟರು ಹೇಳಿದಷ್ಟು ದಿನ ಕಟ್ಟಿಕೊಳ್ಳಿ, ಆದರೆ ಬೆಲ್ಟ್ ಕಟ್ಟಿದ್ದೇನೆ ಏನೂ ಆಗಲ್ಲ ಅನ್ನುವ ಧೈರ್ಯದಲ್ಲಿ ಎತ್ತಲು ಹೋಗಬೇಡಿ.

ಹಾಗಾದರೆ ಏನು ಮಾಡಬೇಕು? ಎತ್ತಬೇಡಿ, ಜಾರಿಸಿ. ಇಲ್ಲಿ ಎರಡು ನಿಮಿಷ ಜಾಸ್ತಿ ತೆಗೆದುಕೊಳ್ಳುತ್ತೇನೆ. ವೇದಿಕೆ ಪಕ್ಕ ಮಂಚ ತರಿಸಿದ್ದೇನೆ, ಇಬ್ಬರು ಬನ್ನಿ.

ಮೊದಲು ಮಂಚದ ಚಕ್ರಕ್ಕೆ ಬ್ರೇಕ್. ಬ್ರೇಕ್ ಹಿಡಿಯುತ್ತಿದೆಯಾ ಅಂತ ಸೊಂಟದಿಂದ ಒಮ್ಮೆ ನೂಕಿ ನೋಡಿ. ಮಂಚವನ್ನು ಗೋಡೆಯಿಂದ ಈಚೆಗೆ ಎಳೆದುಕೊಳ್ಳಿ, ಎರಡೂ ಬದಿಯಲ್ಲಿ ನಿಲ್ಲಲು ಜಾಗ ಬೇಕು. ತಲೆಭಾಗ ಪೂರ್ತಿ ಇಳಿಸಿ. ತಲೆ ಎತ್ತಿದ ಮಂಚದಲ್ಲಿ ರೋಗಿಯನ್ನು ಮೇಲಕ್ಕೆ ಎಳೆಯುವುದು ಅಂದರೆ ಗುಡ್ಡ ಹತ್ತಿಸಿದ ಹಾಗೆ. ಮಂಚದ ಎತ್ತರ ಏರಿಸುವ ಸೌಲಭ್ಯ ಇದ್ದರೆ ನಿಮ್ಮ ಸೊಂಟದ ಮಟ್ಟಕ್ಕೆ ತನ್ನಿ. ದಿಂಬು ತೆಗೆದು ಮಂಚದ ತಲೆಕಂಬಿಗೆ ಒರಗಿಸಿ, ತಲೆ ಬಡಿಯುವುದಿಲ್ಲ. ರೋಗಿಯ ಕೆಳಗೆ ಭುಜದಿಂದ ತೊಡೆವರೆಗೆ ಡ್ರಾಶೀಟ್, ಅಂದರೆ ಅಡ್ಡಕ್ಕೆ ಹಾಸುವ ಬಟ್ಟೆ, ಇರಲಿ, ಅದರ ಅಂಚನ್ನು ಸುತ್ತಿ ಸುತ್ತಿ ರೋಗಿಯ ಮೈ ಹತ್ತಿರಕ್ಕೆ ತಂದು ಹಿಡಿಯಿರಿ. ಒಂದು ಕಾಲು ಮಂಚದ ತಲೆಕಡೆಗೆ ಮುಂದೆ, ಒಂದು ಹಿಂದೆ. ಈಗ ರೋಗಿಗೆ ಹೇಳಿ: ಅಣ್ಣಾ, ಆ ಕಾಲು ಮಡಿಸಿ, ಮೂರು ಅಂದಾಗ ಹಿಮ್ಮಡಿ ಒತ್ತಿ ಮೇಲಕ್ಕೆ ನೂಕಿ. ಒಂದು ಕಾಲಿಗೆ ಶಕ್ತಿ ಇದ್ದರೂ ಸಾಕು, ಅವರ ಪಾಲು ಅವರು ಮಾಡುತ್ತಾರೆ, ಅವರಿಗೂ ಅದು ಒಳ್ಳೆಯದು. ಒಂದು, ಎರಡು, ಮೂರು ಅಂದಾಗ ನೀವು ತೋಳಿನಿಂದ ಎಳೆಯಬೇಡಿ, ಮೈಭಾರವನ್ನು ಹಿಂದಿನ ಕಾಲಿನಿಂದ ಮುಂದಿನ ಕಾಲಿಗೆ ಬಿಡಿ. ನೋಡಿದಿರಾ? ಎತ್ತಲೇ ಇಲ್ಲ. ರೋಗಿಯ ಕೈ ನಿಮ್ಮ ಕುತ್ತಿಗೆಗೆ ಬರಲು ಬಿಡಬೇಡಿ, ಕೈ ಅವರ ಎದೆ ಮೇಲೆ ಇರಲಿ.

ಡ್ರಾಶೀಟ್ ಕೆಳಗೆ ಜಾರುವ ನೈಲಾನ್ ಹಾಳೆ ಇದ್ದರೆ ಇನ್ನೂ ಸುಲಭ. ಇದಕ್ಕೆ ಸ್ಲೈಡ್ ಶೀಟ್ ಅನ್ನುತ್ತಾರೆ, ಎರಡು ಪದರ ಒಂದರ ಮೇಲೊಂದು ಜಾರುವ ಹಾಗೆ ಹೊಲಿದಿರುತ್ತಾರೆ. ಬಟ್ಟೆಯೇ ಅಲ್ವಾ, ಇದಕ್ಕೆ ಲಕ್ಷಗಟ್ಟಲೆ ಬೇಕಿಲ್ಲ. ಕೆಲಸ ಆದ ತಕ್ಷಣ ಮಾತ್ರ ತೆಗೆದುಬಿಡಬೇಕು, ಬಿಟ್ಟರೆ ರೋಗಿಯೇ ಮಂಚದಿಂದ ಜಾರುತ್ತಾನೆ. ಮತ್ತೆ ರೋಗಿಯ ಕಡೆಯವರನ್ನು ಮರೆಯಬೇಡಿ. ನಮ್ಮ ಆಸ್ಪತ್ರೆಗಳಲ್ಲಿ ಪ್ರತಿ ಮಂಚದ ಹತ್ತಿರ ಒಬ್ಬ ಮಗ, ಸೊಸೆ, ತಮ್ಮ ಯಾರಾದರೂ ಇದ್ದೇ ಇರುತ್ತಾರೆ. ಮೊದಲ ದಿನವೇ ಅವರಿಗೆ ಇದನ್ನು ಕಲಿಸಿ. ಮನೆಗೆ ಹೋದಮೇಲೆ ಆರು ತಿಂಗಳು ಅವರೇ ತಾನೇ ಮಾಡಬೇಕಾದವರು, ಅವರ ಸೊಂಟವೂ ಉಳಿಯಲಿ.

ನಮ್ಮ ಕಡೆಯ ಎಷ್ಟೋ ಹುಡುಗಿಯರು ಇಂಗ್ಲೆಂಡ್, ಆಸ್ಟ್ರೇಲಿಯಾ, ಗಲ್ಫ್‌ನ ಆಸ್ಪತ್ರೆಗಳಲ್ಲಿ ಇದ್ದಾರೆ. ನನ್ನ ಕೈಕೆಳಗೆ ಕಲಿತ ಒಬ್ಬಳು ಇಂಗ್ಲೆಂಡಿನಿಂದ ರಜೆಗೆ ಬಂದಾಗ ಮನೆಗೆ ಬಂದಿದ್ದಳು. ಅಕ್ಕಾ, ಅಲ್ಲಿ ಒಬ್ಬಳೇ ಪೇಷಂಟ್‌ನ ಎತ್ತಿದರೆ ನನಗೇ ಬೈಯುತ್ತಾರೆ ಅಂದಳು. ಬ್ರಿಟನ್‌ನಲ್ಲಿ ಕೈಯಿಂದ ಭಾರ ಎತ್ತುವ ಬಗ್ಗೆ 1992ರಿಂದಲೇ ನಿಯಮ ಇದೆ, ಅಪಾಯ ಇರುವ ಎತ್ತುವಿಕೆಯನ್ನು ಆದಷ್ಟು ತಪ್ಪಿಸುವುದು ಮಾಲೀಕರ ಜವಾಬ್ದಾರಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1998ರಲ್ಲಿ ನರ್ಸ್‌ಗಳ ಸಂಘವೇ ಮುಂದೆ ನಿಂತು ಇನ್ನು ರೋಗಿಗಳನ್ನು ಎತ್ತುವುದಿಲ್ಲ, ಸಲಕರಣೆ ಕೊಡಿ ಅನ್ನುವ ನೀತಿ ತಂದಿತು. ಅವಳು ಇಲ್ಲಿದ್ದಾಗ ಎತ್ತುತ್ತಿದ್ದಳು, ಅಲ್ಲಿ ಎತ್ತುವುದಿಲ್ಲ. ಹುಡುಗಿ ಅವಳೇ, ಸೊಂಟ ಅದೇ.

ಇನ್ನು ನೆಲ. ನಿಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುವುದು ಯಾವಾಗ? ಬೆಳಗ್ಗೆ ಏಳೂವರೆಯಿಂದ ಎಂಟು, ಅಲ್ವಾ? ನೈಟ್‌ನವರು ಹೋಗುವ, ಮಾರ್ನಿಂಗ್‌ನವರು ಓಡಿಬರುವ, ತಿಂಡಿ ಗಾಡಿ ಬರುವ, ರೌಂಡ್ಸ್‌ಗೆ ಎಲ್ಲರೂ ಗಡಿಬಿಡಿಯಲ್ಲಿರುವ ಅದೇ ಅರ್ಧ ಗಂಟೆ. ಕಾರಿಡಾರಿನ ಈ ತುದಿಯಿಂದ ಆ ತುದಿವರೆಗೆ ಫಿನಾಯಿಲ್ ನೀರು. ಒಂದು ಗಂಟೆ ಮೊದಲು ಒರೆಸಿದರೆ ಏನು ನಷ್ಟ? ಕಾರಿಡಾರನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಒಂದು ಬದಿ ಒಣಗಿದಮೇಲೆ ಇನ್ನೊಂದು ಬದಿ ಒರೆಸಿದರೆ ಓಡಾಡಲು ಒಣ ದಾರಿ ಇರುತ್ತದೆ. ಮಳೆಗಾಲದಲ್ಲಿ ಬಾಗಿಲಲ್ಲಿ ಗೋಣಿ ಹಾಸಿ ಅದು ಮುದುರಿ ಇನ್ನಷ್ಟು ಜನ ಎಡವುತ್ತಾರೆ, ಭಾರ ಇರುವ ರಬ್ಬರ್ ಮ್ಯಾಟ್ ಹಾಕಿ. ಮತ್ತೆ ಚಪ್ಪಲಿ. ಅಡಿ ಸವೆದು ನುಣ್ಣಗಾದ ಹವಾಯಿ ಚಪ್ಪಲಿಯಲ್ಲಿ ಡ್ಯೂಟಿ ಮಾಡಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಹಿಂದೆ ಪಟ್ಟಿ ಇರುವ, ಬೆರಳು ಮುಚ್ಚುವ, ಅಡಿಯಲ್ಲಿ ಗೀರು ಇರುವ ಚಪ್ಪಲಿ. ಸಕ್ಕರೆ ಕಾಯಿಲೆ ಇರುವವರಿಗಂತೂ ಇದು ಎರಡು ಪಟ್ಟು ಮುಖ್ಯ, ಪಾದದಲ್ಲಿ ಸ್ಪರ್ಶ ಕಮ್ಮಿ ಆಗಿದ್ದರೆ ಗಾಜಿನ ಚೂರು ಹೊಕ್ಕಿದ್ದೂ ಗೊತ್ತಾಗುವುದಿಲ್ಲ.

ಆಯಮ್ಮಂದಿರು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಬಟ್ಟೆ ಒರೆಸುವುದನ್ನು ನಾನು ಇನ್ನೂ ನೋಡುತ್ತೇನೆ. 57 ವರ್ಷದ ಒಬ್ಬರು ನನ್ನ ವಾರ್ಡ್‌ನಲ್ಲಿ ಹಾಗೇ ಮಾಡುತ್ತಿದ್ದರು, ಮಂಚದ ಕಾಲು ಹಿಡಿದು ಏಳುತ್ತಿದ್ದರು, ಎದ್ದಮೇಲೆ ಒಂದು ಕ್ಷಣ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆ ಒಂದು ಕ್ಷಣ ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಅವರಿಗೆ ಉದ್ದ ಕೋಲಿನ ಮಾಪ್ ಕೊಡಿಸಲು ನಾನು ಮೂರು ಸಲ ಇಂಡೆಂಟ್ (ಸಾಮಾನಿನ ಬೇಡಿಕೆ ಪತ್ರ) ಬರೆದೆ. ಬಂದದ್ದು ಗಿಡ್ಡ ಕೋಲಿನದು, ಬಗ್ಗಿಯೇ ಒರೆಸಬೇಕು. ಕೊನೆಗೆ ಬಡಗಿ ಹತ್ತಿರ ಕೋಲು ಉದ್ದ ಮಾಡಿಸಿದೆವು. ಕೋಲು ನಿಂತವರ ಎದೆ ಎತ್ತರಕ್ಕೆ ಬರಬೇಕು. ಬಕೆಟ್ ಎತ್ತಬಾರದು, ಚಕ್ರದ ಮೇಲೆ ಇರಬೇಕು, ಅರ್ಧಕ್ಕಿಂತ ಜಾಸ್ತಿ ತುಂಬಬಾರದು. ಇವು ಸಣ್ಣ ವಿಷಯ ಅಂತ ಅನ್ನಿಸಿದರೆ, ದಿನಕ್ಕೆ ಎಷ್ಟು ಬಕೆಟ್ ಅಂತ ಒಮ್ಮೆ ಆಯಮ್ಮನ ಪಕ್ಕ ನಿಂತು ಎಣಿಸಿ.

ಬೆಳಕಿನ ವಿಷಯ. ನಮ್ಮ ಹಿರಿಯರು ಕನ್ನಡಕಕ್ಕೆ ಚಾಳೀಸು ಅನ್ನುತ್ತಿದ್ದರು. ಚಾಳೀಸ್ ಅಂದರೆ ನಲವತ್ತು, ನಲವತ್ತಕ್ಕೆ ಬರುವುದು ಅಂತ. ಹತ್ತಿರದ ಅಕ್ಷರ ಮಸುಕಾಗುವುದು ಆಗಿನಿಂದಲೇ. ಅದಕ್ಕಿಂತ ಜಾಸ್ತಿ ಜನಕ್ಕೆ ಗೊತ್ತಿಲ್ಲದ್ದು ಬೆಳಕು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಅರವತ್ತರ ಕಣ್ಣಿನೊಳಗೆ ಹೋಗುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಗುವುದರ ಸುಮಾರು ಮೂರನೇ ಒಂದು ಭಾಗ. ಈಗ ರಾತ್ರಿ ವಾರ್ಡ್ ನೆನಪಿಸಿಕೊಳ್ಳಿ. ರೋಗಿಗಳು ಮಲಗಲಿ ಅಂತ ದೊಡ್ಡ ದೀಪ ಆರಿಸಿ, ಮೂಲೆಯ ಒಂದು ಟ್ಯೂಬ್‌ಲೈಟಿನಲ್ಲಿ ಆಂಪೂಲ್ (ಇಂಜೆಕ್ಷನ್ ಔಷಧಿಯ ಪುಟ್ಟ ಸೀಸೆ) ಮೇಲಿನ ಸಾಸಿವೆ ಕಾಳಿನಷ್ಟು ಅಕ್ಷರ ಓದುತ್ತೇವೆ. ಒಂದೇ ಬಣ್ಣದ ಎರಡು ಆಂಪೂಲ್ ಒಂದೇ ಟ್ರೇನಲ್ಲಿ. ಪೊಟ್ಯಾಶಿಯಂ ಕ್ಲೋರೈಡ್ ತಪ್ಪಿ ಹೋದರೆ ಹೃದಯವೇ ನಿಲ್ಲಬಹುದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಔಷಧಿ ತಯಾರಿಸುವ ಮೇಜಿನ ಮೇಲೆ ಬಾಗಿಸಬಹುದಾದ ಒಂದು ಟೇಬಲ್ ಲ್ಯಾಂಪ್, ಒಂದು ಭೂತಗನ್ನಡಿ ಇಡಿ. ರೋಗಿಗಳ ಕಣ್ಣಿಗೆ ಬೆಳಕು ಬೀಳುವುದಿಲ್ಲ, ನಿಮ್ಮ ಕೈಗೆ ಬೀಳುತ್ತದೆ.

ಸೂಜಿ ಚುಚ್ಚುವುದೂ ಇದೇ ಬೆಳಕಿಗೆ ಸೇರಿದ್ದು. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕುವ ಅಭ್ಯಾಸ ನಮ್ಮ ಕಾಲದವರಿಗೆ ಬೆರಳಿಗೆ ಅಂಟಿಕೊಂಡಿದೆ. ನಾವು ಕಲಿಯುವಾಗ ಗಾಜಿನ ಸಿರಿಂಜ್ ಕುದಿಸಿ ಕುದಿಸಿ ಬಳಸುತ್ತಿದ್ದೆವು, ಸೂಜಿ ಎಸೆಯುವ ಮಾತೇ ಇರಲಿಲ್ಲ. ಆ ಅಭ್ಯಾಸ ಬಿಡಬೇಕು. ಸೂಜಿ ನೇರವಾಗಿ ಬಿಳಿ ಡಬ್ಬಕ್ಕೆ, ಡಬ್ಬ ಕೈಗೆಟಕುವ ಹತ್ತಿರ. ಚುಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆಯಿರಿ. ಹಿಂಡಬೇಡಿ, ಬೆರಳು ಬಾಯಿಗೆ ಇಡಬೇಡಿ, ಸ್ಪಿರಿಟ್ ಸುರಿಯಬೇಡಿ. ತಕ್ಷಣ ತಿಳಿಸಿ. ಎಚ್‌ಐವಿ ತಡೆಯುವ ಔಷಧಿ ಬೇಕಾದರೆ ಸಾಧ್ಯವಾದರೆ ಎರಡು ಗಂಟೆಯೊಳಗೆ ಶುರು ಆಗಬೇಕು, 72 ಗಂಟೆ ದಾಟಿದರೆ ಪ್ರಯೋಜನ ಇಲ್ಲ, 28 ದಿನ ತಪ್ಪದೆ ತೆಗೆದುಕೊಳ್ಳಬೇಕು. ಹಾಗೆ ನೋಡಿದರೆ ಎಚ್‌ಐವಿಗಿಂತ ಹೆಪಟೈಟಿಸ್ ಬಿ ಬರುವ ಸಾಧ್ಯತೆಯೇ ಎಷ್ಟೋ ಪಟ್ಟು ಜಾಸ್ತಿ. ಸೋಂಕಿರುವ ರಕ್ತದ ಸೂಜಿ ಚುಚ್ಚಿದರೆ ಎಚ್‌ಐವಿ ಬರುವುದು ಸಾವಿರಕ್ಕೆ ಮೂರು ಸಲ. ಲಸಿಕೆ ಇಲ್ಲದವರಿಗೆ ಹೆಪಟೈಟಿಸ್ ಬಿ ನೂರಕ್ಕೆ ಮೂವತ್ತು ಸಲದವರೆಗೆ ಬರಬಹುದು.

ಈ ಲಸಿಕೆ ವಿಷಯದಲ್ಲಿ ಹಿರಿಯರಿಗೆ ಒಂದು ದೊಡ್ಡ ತೂತು ಇದೆ. ಮಕ್ಕಳ ಸಾರ್ವತ್ರಿಕ ಲಸಿಕೆಯಲ್ಲಿ ಹೆಪಟೈಟಿಸ್ ಬಿ ದೇಶದ ಎಲ್ಲ ಕಡೆ ಬಂದದ್ದು 2011ರ ಹೊತ್ತಿಗೆ. ನಮ್ಮ ವಯಸ್ಸಿನ ಯಾರಿಗೂ ಬಾಲ್ಯದಲ್ಲಿ ಸಿಕ್ಕಿಲ್ಲ. ಕೆಲಸಕ್ಕೆ ಸೇರಿದಮೇಲೆ ಎರಡು ಡೋಸ್ ಹಾಕಿಸಿಕೊಂಡು ಮೂರನೆಯದನ್ನು ಮರೆತವರು ಎಷ್ಟು ಜನ! ಈಗ ಹಾಕಿಸಿಕೊಂಡರೆ ಆಗುತ್ತಾ ಅಂತ ಕೇಳುತ್ತಾರೆ. ಆಗುತ್ತದೆ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ಎರಡು ಹಾಕಿಸಿ ಬಿಟ್ಟವರು ಮೊದಲಿನಿಂದ ಶುರು ಮಾಡಬೇಕಿಲ್ಲ, ಉಳಿದದ್ದು ಹಾಕಿಸಿದರೆ ಸಾಕು. ನಲವತ್ತು ದಾಟಿದವರಲ್ಲಿ ಲಸಿಕೆ ಸ್ವಲ್ಪ ಕಮ್ಮಿ ಹಿಡಿಯುತ್ತದೆ, ಅದಕ್ಕೆ ಕೊನೆ ಡೋಸ್ ಆದ ಒಂದೆರಡು ತಿಂಗಳಿಗೆ ರಕ್ತದಲ್ಲಿ ಆಂಟಿಬಾಡಿ ಮಟ್ಟ ನೋಡಿಸಿ, 10 ಅಥವಾ ಅದಕ್ಕಿಂತ ಜಾಸ್ತಿ ಇರಬೇಕು. ಇದು ಯಾರೂ ದಯೆ ತೋರಿ ಕೊಡುವುದಲ್ಲ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಲ್ಲೇ ಇದೆ. ಆ ತ್ಯಾಜ್ಯ ಮುಟ್ಟುವ ಪ್ರತಿಯೊಬ್ಬರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯು ಲಸಿಕೆ, ಸೇರುವಾಗ ಒಮ್ಮೆ ಮತ್ತು ವರ್ಷಕ್ಕೊಮ್ಮೆಯಾದರೂ ಆರೋಗ್ಯ ತಪಾಸಣೆ ಆಸ್ಪತ್ರೆಯ ಹೊಣೆ. ಕಸ ಒಯ್ಯುವ ಗುತ್ತಿಗೆಯ ಆಯಮ್ಮನೂ ಇದರಲ್ಲಿ ಬರುತ್ತಾರೆ. ನಿಮ್ಮ ಕಳೆದ ವರ್ಷದ ತಪಾಸಣೆ ಯಾವಾಗ ಆಯಿತು? ಉತ್ತರ ನನಗೆ ಬೇಡ, ಕಚೇರಿಯಲ್ಲಿ ಕೇಳಿ.

ನೈಟ್ ಡ್ಯೂಟಿ ಬಗ್ಗೆ ಹೇಳದಿದ್ದರೆ ನೀವು ನನ್ನನ್ನು ಬಿಡುವುದಿಲ್ಲ. ರಾತ್ರಿ ಎಂಟರಿಂದ ಬೆಳಗ್ಗೆ ಎಂಟು, ಹನ್ನೆರಡು ಗಂಟೆ. ಐವತ್ತರ ನಂತರ ಹಗಲು ನಿದ್ದೆ ಹತ್ತುವುದಿಲ್ಲ, ಹತ್ತಿದರೂ ಮೂರು ಗಂಟೆಗೆ ಎಚ್ಚರ. ಇದು ಸೋಮಾರಿತನ ಅಲ್ಲ, ದೇಹದ ಗಡಿಯಾರ ವಯಸ್ಸಾದಂತೆ ಬೇಗ ಹೊಂದಿಕೊಳ್ಳುವುದಿಲ್ಲ. ರಾತ್ರಿ ಪಾಳಿ ಕೆಲಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲೂ, ಮತ್ತೆ 2019ರಲ್ಲೂ ಕ್ಯಾನ್ಸರ್ ತರುವ ಸಂಭವ ಇರುವುದರ ಪಟ್ಟಿಯಲ್ಲಿ ಇಟ್ಟಿದೆ. ರೋಸ್ಟರ್ ಬರೆಯುವವರಿಗೆ ನನ್ನ ವಿನಂತಿ ಇಷ್ಟು. ಮಾರ್ನಿಂಗ್, ಆಮೇಲೆ ಆಫ್ಟರ್‌ನೂನ್, ಆಮೇಲೆ ನೈಟ್, ಈ ಕ್ರಮದಲ್ಲಿ ಮುಂದಕ್ಕೆ ಸಾಗಲಿ, ಹಿಂದಕ್ಕೆ ಬೇಡ. ಒಂದೇ ಸಮನೆ ಏಳು ರಾತ್ರಿ ಹಾಕುವ ಬದಲು ಎರಡು ಮೂರು ರಾತ್ರಿ ಹಾಕಿ ಬಿಡುವು ಕೊಡಿ. ಇಬ್ಬರಿದ್ದ ಕಡೆ ಸರದಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ ಕಣ್ಣು ಮುಚ್ಚಲು ಒಂದು ಜಾಗ ಇರಲಿ, ಅದನ್ನು ಕಳ್ಳತನದ ಹಾಗೆ ನೋಡಬೇಡಿ. ಸಕ್ಕರೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವ ಸಿಸ್ಟರ್‌ಗಳು ನೈಟ್ ಶುರು ಆಗುವ ಮೊದಲೇ ಡಾಕ್ಟರ್ ಹತ್ತಿರ ಹೊತ್ತು ಬದಲಾಯಿಸಿಕೊಳ್ಳಬೇಕು. ರಾತ್ರಿ ಮೂರಕ್ಕೆ ಸಕ್ಕರೆ ಇಳಿದು ಬೆವರಿ ಕೂತ ಸಹೋದ್ಯೋಗಿಯನ್ನು ನಾನು ನೋಡಿದ್ದೇನೆ, ಅವರ ಕೈಯಲ್ಲಿ ಆಗ ರೋಗಿಗೆ ಕೊಡಬೇಕಾದ ಇಂಜೆಕ್ಷನ್ ಇತ್ತು.

ಮತ್ತೆ ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ. ಸಿಬ್ಬಂದಿಗೆ ಹತ್ತಿರದಲ್ಲಿ ಶುಚಿಯಾದ, ಒಳಗಿನಿಂದ ಚಿಲಕ ಬೀಳುವ ಶೌಚಾಲಯ ಇಲ್ಲ ಅಂತ ನೀರು ಕುಡಿಯದೇ ಆರು ಗಂಟೆ ನಿಲ್ಲುತ್ತೀರಿ. ಎರಡು ಮೂರು ಹೆರಿಗೆ ಆಗಿ, ಮುಟ್ಟು ನಿಂತಮೇಲೆ ಮೂತ್ರ ತಡೆಯುವುದು ಕಷ್ಟ, ಸೋಂಕು ಮರುಕಳಿಸುತ್ತದೆ. ಆರೋಗ್ಯ ಸಿಬ್ಬಂದಿಯ ಒಳಿತು ಅಂತ ದೊಡ್ಡ ಮಾತು ಆಡುವ ಮೊದಲು ಆ ಚಿಲಕ ಹಾಕಿಸಿ.

ಯೋಗ ಶಿಬಿರದ ಬಗ್ಗೆ ಕೇಳುತ್ತಾರೆ. ಮಾಡಿ, ತುಂಬಾ ಒಳ್ಳೆಯದು, ನಾನೂ ಮಾಡುತ್ತೇನೆ. ಆದರೆ ಸ್ನಾಯು ಉಳಿಯಬೇಕಾದರೆ ಸ್ವಲ್ಪ ಶಕ್ತಿಯ ವ್ಯಾಯಾಮವೂ ಬೇಕು. ವಾರಕ್ಕೆ ಎರಡು ದಿನವಾದರೂ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರಿ, ಅದೇ ಶುರು. ರಾಗಿ ಮುದ್ದೆ ಬಿಡಬೇಡಿ, ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಆದರೆ ತುಕ್ಕು ಹಿಡಿದ ಹಿಡಿಕೆಯ ಮಂಚ ಹಾಗೇ ಬಿಟ್ಟು ಯೋಗ ಮಾಡಿ ಅಂದರೆ ನನಗೆ ಬೇಜಾರಾಗುತ್ತದೆ.

ಆಶಾ ಅಕ್ಕಂದಿರು ನಾಲ್ಕು ಜನ ಗುಲಾಬಿ ಸೀರೆಯಲ್ಲಿ ಬಂದಿದ್ದೀರಿ, ನಿಮ್ಮನ್ನು ಮರೆತಿಲ್ಲ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಶುರು ಆದಾಗ 25ರಿಂದ 45 ವರ್ಷದವರನ್ನು ಆಶಾ ಆಗಿ ಆರಿಸಬೇಕು ಅಂತ ಇತ್ತು. ಆಗ ನಲವತ್ತರ ಹತ್ತಿರ ಇದ್ದವರು ಈಗ ಅರವತ್ತರ ಹತ್ತಿರ. ಮನೆಗಳ ಸಂಖ್ಯೆ ಕಮ್ಮಿ ಆಗಿಲ್ಲ, ಮೊಬೈಲ್‌ನಲ್ಲಿ ತುಂಬಬೇಕಾದ ಕಾಲಂ ಜಾಸ್ತಿ ಆಗಿದೆ. ಫೋನಿನ ಅಕ್ಷರ ದೊಡ್ಡದು ಮಾಡಿಕೊಳ್ಳುವುದು ಹೇಗೆ ಅಂತ ಕಾರ್ಯಕ್ರಮ ಆದಮೇಲೆ ಇಲ್ಲಿನ ಹುಡುಗಿಯರು ತೋರಿಸುತ್ತಾರೆ. ಬಿಸಿಲಿನ ಭೇಟಿಗಳನ್ನು ಹತ್ತು ಗಂಟೆಯೊಳಗೆ ಮುಗಿಸುವ ಹಾಗೆ ಮೀಟಿಂಗ್ ಹೊತ್ತನ್ನು ಮಧ್ಯಾಹ್ನಕ್ಕೆ ಇಡಿ ಅಂತ ವೈದ್ಯಾಧಿಕಾರಿಗಳಿಗೆ ನಾನು ಇಲ್ಲೇ ಕೇಳಿಕೊಳ್ಳುತ್ತೇನೆ.

ಇವತ್ತು ಬೆಳಗ್ಗೆ ನೀವೆಲ್ಲ ದೀಪ ಹಚ್ಚಿದಿರಿ. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ್ದು 1820ರ ಮೇ 12. ಕ್ರಿಮಿಯಾ ಯುದ್ಧದ ಆಸ್ಪತ್ರೆಯಿಂದ ಆಕೆ ವಾಪಸು ಬಂದಾಗ 36 ವರ್ಷ. ಅಲ್ಲಿ ಹತ್ತಿದ ಜ್ವರದ ಕಾಯಿಲೆ ಆಕೆಯನ್ನು ಬಿಡಲಿಲ್ಲ, ಬೆನ್ನುಮೂಳೆಯ ತೀವ್ರ ನೋವು, ವರ್ಷಗಟ್ಟಲೆ ಹಾಸಿಗೆಯಲ್ಲೇ ಇದ್ದು ಅಲ್ಲಿಂದಲೇ ಬರೆದಳು, 90 ವರ್ಷ ಬದುಕಿದಳು. ದೀಪ ಹಿಡಿದ ಚಿತ್ರ ಎಲ್ಲ ನರ್ಸಿಂಗ್ ಸ್ಕೂಲ್ ಗೋಡೆಯಲ್ಲಿದೆ. ಮಲಗಿದ್ದ ಆ ವರ್ಷಗಳ ಬಗ್ಗೆ ನಮಗೆ ಯಾರೂ ಹೇಳಲಿಲ್ಲ. ಕೆಲಸದಲ್ಲಿ ಕಾಯಿಲೆ ಬೀಳುವುದು ನಾಚಿಕೆಯ ವಿಷಯ ಅಲ್ಲ ಅಂತ ನಾನು 2011ರಲ್ಲಿ ತಿಳಿದಿದ್ದರೆ ಬಿಂದಿಗೆಯ ಸುಳ್ಳು ಹೇಳುತ್ತಿರಲಿಲ್ಲ.

ಮಾತು ಮುಗಿದಮೇಲೆ ಕೆಲವರು ಪ್ರಶ್ನೆ ಕೇಳಿದರು. ಕಿರಿಯ ಸಿಸ್ಟರ್ ಒಬ್ಬಳು ಎದ್ದು, ಹಿರಿಯರಿಗೆಲ್ಲ ಓಪಿಡಿ ಕೊಟ್ಟುಬಿಟ್ಟರೆ ಎತ್ತುವ ಕೆಲಸ, ನೈಟ್ ಎಲ್ಲ ನಮ್ಮ ಮೇಲೆ ಬೀಳುತ್ತದೆ ಅಲ್ವಾ ಮೇಡಂ ಅಂದಳು. ಸರಿಯಾದ ಮಾತು. ಹಾಗೆ ಮಾಡಿದರೆ ಹದಿನೈದು ವರ್ಷಕ್ಕೆ ಅವಳ ಸೊಂಟವೂ ಹೋಗುತ್ತದೆ. ಅದಕ್ಕೇ ಜನರನ್ನು ಬದಲಾಯಿಸುವುದಕ್ಕಿಂತ ಮಂಚ, ಕೋಲು, ಬೆಳಕು, ರೋಸ್ಟರ್ ಬದಲಾಯಿಸಿ ಅಂತ ನಾನು ಹೇಳುವುದು. ಅದು ಇಬ್ಬರಿಗೂ ಆಗುತ್ತದೆ. ವಾರ್ಡ್‌ನಲ್ಲಿ ಒಬ್ಬ ಹಿರಿಯರು, ಒಬ್ಬ ಕಿರಿಯರು ಜೋಡಿಯಾಗಿ ಇರಲಿ. ರಕ್ತನಾಳ ಸಿಗದ ಮಗುವಿಗೆ ಡ್ರಿಪ್ ಹಾಕುವ ಕೈ, ಉಸಿರಿನ ಸದ್ದಿನಲ್ಲೇ ಈ ರೋಗಿ ಸರಿ ಇಲ್ಲ ಅಂತ ಹೇಳುವ ಕಿವಿ ಹಿರಿಯರ ಹತ್ತಿರ ಇರುತ್ತದೆ. ಕಂಪ್ಯೂಟರ್ ಎಂಟ್ರಿ ಕಿರಿಯರಿಗೆ ಸುಲಭ. ಹಂಚಿಕೊಂಡರೆ ಆಯಿತು.

ಆಮೇಲೆ ಹಿಂದಿನ ಸಾಲಿನಿಂದ ಗುತ್ತಿಗೆಯ ಆಯಮ್ಮ ಒಬ್ಬರು ತುಂಬಾ ಮೆಲ್ಲಗೆ ಕೇಳಿದರು. ಬಿದ್ದೆ ಅಂತ ಹೇಳಿದರೆ ನಾಳೆಯಿಂದ ಬರಬೇಡ ಅಂದರೆ ಏನಮ್ಮಾ ಮಾಡೋದು? ಹಾಲ್ ಸುಮ್ಮನಾಯಿತು. ನಾನು ಅವರಿಗೆ ಹೇಳಿದ್ದು: ನಿಮ್ಮ ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಹಣ ಹಿಡಿಯುತ್ತಾರಾ ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಅದರಲ್ಲಿ ಬರುತ್ತಾರೆ. ಕೆಲಸದಲ್ಲಿ ಏಟಾದರೆ ಸೇರಿದ ಮೊದಲ ದಿನದಿಂದಲೇ ರಕ್ಷಣೆ ಇದೆ, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸಂಬಳದ ನೂರಕ್ಕೆ ಸುಮಾರು 90 ಭಾಗ ಸಿಗುತ್ತದೆ. ಆದರೆ ಏಟು ಡ್ಯೂಟಿಯಲ್ಲಿ ಆಯಿತು ಅಂತ ಕಾಗದದಲ್ಲಿ ಇರಬೇಕು. ಅದೇ ದಿನ, ಎಲ್ಲಿ, ಎಷ್ಟು ಹೊತ್ತಿಗೆ, ಯಾರು ನೋಡಿದರು ಅಂತ ಅಪಘಾತದ ಪುಸ್ತಕದಲ್ಲಿ ಬರೆಸಿ, ಫೋನಿನಲ್ಲಿ ಅದರ ಫೋಟೊ ತೆಗೆದುಕೊಳ್ಳಿ. ಒಬ್ಬರೇ ಹೋಗಬೇಡಿ, ವಾರ್ಡ್‌ನ ಸಿಸ್ಟರ್‌ನ ಕರೆದುಕೊಂಡು ಹೋಗಿ. ಸಿಸ್ಟರ್‌ಗಳೇ, ಕರೆದರೆ ಹೋಗಿ. ಸಾಕ್ಷಿ ಅಂತ ನಿಮ್ಮ ಹೆಸರು ಬರೆಸಿ.

ಆಗ ಮುಂದಿನ ಸಾಲಿನಿಂದ ಒಬ್ಬ ಇನ್‌ಚಾರ್ಜ್ ಸಿಸ್ಟರ್ ಹಿಂದೆ ತಿರುಗಿ ಆ ಆಯಮ್ಮನನ್ನು ಕೇಳಿದರು, ನೀವು ಯಾವಾಗ ಬಿದ್ದದ್ದು ಅಂತ. ಆಯಮ್ಮ ತೋಳು ಮೇಲೆ ಮಾಡಿ ಮೊಣಕೈ ತೋರಿಸಿದರು. ಮೊನ್ನೆ ಅಂದರು.